ಕಾರ್ಡು ಹೋಗಿ ಇ-ವೀಸಾ ಬಂದ ಮೇಲೆ

ಬ್ರಿಟನ್ನಿಗೆ ಓದಲು ಅಥವಾ ದುಡಿಯಲು ಬರುವವರಿಗೆ ಈಗ ವೀಸಾ ಎಂಬುದು ಕೈಯಲ್ಲಿ ಹಿಡಿದು ತೋರಿಸುವ ವಸ್ತುವಾಗಿ ಉಳಿದಿಲ್ಲ. 2008ರಿಂದ ಕೊಡುತ್ತಿದ್ದ, ನಾವೆಲ್ಲ ಬಿಆರ್‌ಪಿ ಎಂದು ಕರೆಯುತ್ತಿದ್ದ ವಾಸದ ಪರವಾನಗಿಯ ಕಾರ್ಡನ್ನು ಸರ್ಕಾರ 2024ರ ಅಕ್ಟೋಬರ್ ಕೊನೆಗೆ ನಿಲ್ಲಿಸಿತು. ವಾಸದ ಪರವಾನಗಿ ಇನ್ನೂ ಹಲವು ವರ್ಷ ಇದ್ದವರ ಕಾರ್ಡಿನ ಮೇಲೂ ಬಹುಪಾಲು 2024ರ ಡಿಸೆಂಬರ್ 31 ಎಂದೇ ಮುದ್ರಿತವಾಗಿತ್ತು. ಅದರ ಜಾಗಕ್ಕೆ ಬಂದ ಇ-ವೀಸಾ ಸರ್ಕಾರದ ಸರ್ವರಿನಲ್ಲಿರುವ ಒಂದು ದಾಖಲೆ; ಬ್ರಿಟನ್ನಿನ ವೀಸಾ ವಿಭಾಗವಾದ ಯುಕೆವಿಐಯಲ್ಲಿ ಖಾತೆ ತೆರೆದು ಲಾಗಿನ್ ಆದವರಿಗೆ ಮಾತ್ರ ಅದು ಕಾಣುತ್ತದೆ.

ಈ ಬದಲಾವಣೆಯಿಂದ ಹೊಸಬರಿಗೆ ಅನುಕೂಲವಾಗಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮೊದಲಾದರೆ ಪಾಸ್‌ಪೋರ್ಟಿನಲ್ಲಿ 90 ದಿನಗಳ ಸ್ಟಿಕರ್ ಅಂಟಿಸಿಕೊಂಡು ಬಂದು, ಇಳಿದ ಮೇಲೆ ಗೊತ್ತುಪಡಿಸಿದ ಅಂಚೆ ಕಚೇರಿಯನ್ನು ಹುಡುಕಿಕೊಂಡು ಹೋಗಿ ಕಾರ್ಡು ಪಡೆಯಬೇಕಿತ್ತು. ಅದು ಕಳೆದುಹೋದರೆ ಮತ್ತೆ ಅರ್ಜಿ, ಮತ್ತೆ ಶುಲ್ಕ. ಈಗ ಕೆಲಸ ಕೊಡುವವರಿಗಾಗಲಿ, ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಕೊಡುವವರಿಗಾಗಲಿ ಆ ಖಾತೆಯಿಂದ ತೆಗೆದ ಒಂಬತ್ತು ಅಕ್ಷರಾಂಕಿಗಳ ಒಂದು ಶೇರ್ ಕೋಡನ್ನು ಜನ್ಮದಿನಾಂಕದ ಜೊತೆ ಕಳುಹಿಸಿದರೆ, ಅವರು ಸರ್ಕಾರದ ಜಾಲತಾಣದಲ್ಲಿ ನಮ್ಮ ವೀಸಾವನ್ನು ತಾವೇ ಪರಿಶೀಲಿಸಿಕೊಳ್ಳುತ್ತಾರೆ. ಕೋಡು 90 ದಿನ ಚಾಲ್ತಿಯಲ್ಲಿರುತ್ತದೆ, ಬೇಕಾದಾಗ ಹೊಸದನ್ನು ಪಡೆಯಬಹುದು. ಮೂಲ ದಾಖಲೆಯನ್ನು ಅಪರಿಚಿತರ ಕೈಗೆ ಕೊಟ್ಟು ಅದು ಮರಳಿ ಬರುವವರೆಗೆ ಕಾಯುವ ಆತಂಕ ತಪ್ಪಿದ್ದು ಸಣ್ಣ ಮಾತಲ್ಲ.

ಆದರೆ ಈ ಸರಳತೆಯೆಲ್ಲ ಒಂದು ಲಾಗಿನ್ನಿಗೆ ಜೋತುಬಿದ್ದಿದೆ. ಹಾಸನದ ಕಡೆಯಿಂದ ಇಲ್ಲಿನ ಆಸ್ಪತ್ರೆಯೊಂದಕ್ಕೆ ನರ್ಸ್ ಆಗಿ ಬಂದ ಹೆಣ್ಣುಮಗಳೊಬ್ಬರು ಒಂದು ಸಂಜೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಶೇರ್ ಕೋಡ್ ತೆಗೆಯಲು ಕುಳಿತರು. ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ ಎಲ್ಲ ಸರಿಯಾಯಿತು. ಭದ್ರತಾ ಕೋಡನ್ನು ಕಳುಹಿಸಲಾಗಿದೆ ಎಂದು ಪರದೆ ಹೇಳಿತು. ಅವರ ಮೊಬೈಲಿಗೆ ಮಾತ್ರ ಏನೂ ಬರಲಿಲ್ಲ. "ಅಣ್ಣಾ, ಅರ್ಜಿ ತುಂಬಿದ್ದು ಏಜೆಂಟ್ರು. ಇಮೇಲೂ ಅವರದ್ದೇ, ನಂಬರೂ ಅವರದ್ದೇ. ಈಗ ಅಲ್ಲಿ ಮಧ್ಯರಾತ್ರಿ ಆಗಿದೆಯಲ್ಲ" ಎಂದರು. ಅವರ ವೀಸಾ ಸಿಂಧುವಾಗಿತ್ತು, ದಾಖಲೆಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಆದರೂ ಅದರ ಕೀಲಿಕೈ ಊರಿನಲ್ಲಿ ನಿದ್ದೆ ಮಾಡುತ್ತಿದ್ದ ಯಾರದೋ ಮೊಬೈಲಿನಲ್ಲಿತ್ತು. ಸಂಪರ್ಕ ವಿವರ ಬದಲಿಸಿಕೊಳ್ಳುವ ದಾರಿ ಇದೆ. ಅದನ್ನು ಹುಡುಕಿ ಮುಗಿಸುವುದು ಮಾತ್ರ, ಹೊಸ ಕೆಲಸದ ಮೊದಲ ವಾರದಲ್ಲಿರುವವರಿಗೆ, ಸುಲಭವಲ್ಲ.

ಪಾಸ್‌ಪೋರ್ಟ್ ನವೀಕರಣದ್ದೂ ಇದೇ ಬಗೆಯ ತೊಡಕು. ಹೊಸ ಪಾಸ್‌ಪೋರ್ಟಿನ ಸಂಖ್ಯೆಯನ್ನು ಖಾತೆಗೆ ನಾವೇ ಸೇರಿಸಬೇಕು. ಮರೆತು ಊರಿಗೆ ಹೋದರೆ, ಮರಳುವಾಗ ಬೆಂಗಳೂರಿನ ಚೆಕ್-ಇನ್ ಕೌಂಟರಿನಲ್ಲಿ ಪಾಸ್‌ಪೋರ್ಟಿಗೂ ವೀಸಾಕ್ಕೂ ತಾಳೆಯಾಗದೆ ನಿಲ್ಲಬೇಕಾದೀತು. ಹಿಂದೆ ಇಂಥ ಹೊತ್ತಿನಲ್ಲಿ ತೋರಿಸಲು ಕಾರ್ಡಾದರೂ ಇತ್ತು. ಕಾರ್ಡು ರದ್ದಾದ ಹೊಸದರಲ್ಲಿ, ಅವಧಿ ಮುಗಿದ ಕಾರ್ಡನ್ನೂ ಪ್ರಯಾಣಕ್ಕೆ ಇನ್ನಷ್ಟು ತಿಂಗಳು ಒಪ್ಪಲಾಗುವುದು ಎಂದು ಸರ್ಕಾರವೇ ಗಡುವು ವಿಸ್ತರಿಸಬೇಕಾಯಿತು.

ಸರ್ಕಾರದ ಬಳಿ ದಾಖಲೆ ಇದೆಯಲ್ಲ, ನಿಮಗೇಕೆ ಪ್ರತಿ ಎನ್ನುವವರಿಗೆ ಈ ದೇಶದ್ದೇ ಒಂದು ಚರಿತ್ರೆ ಉತ್ತರವಾಗಿದೆ. 1973ಕ್ಕಿಂತ ಮೊದಲು ಕೆರಿಬಿಯನ್ ದ್ವೀಪಗಳಿಂದ ಬಂದು ಕಾನೂನುಬದ್ಧವಾಗಿ ನೆಲೆಸಿದ್ದ, ವಿಂಡ್‌ರಷ್ ತಲೆಮಾರು ಎನಿಸಿಕೊಂಡವರಲ್ಲಿ ಹಲವರು ಕಾಗದವಿಲ್ಲವೆಂಬ ಕಾರಣಕ್ಕೆ ಕೆಲಸ, ಮನೆ, ಚಿಕಿತ್ಸೆ ಕಳೆದುಕೊಂಡರು. ಕೆಲವರನ್ನು ದೇಶದಿಂದಲೇ ಹೊರಹಾಕಲಾಯಿತು. ಅವರ ಆಗಮನಕ್ಕೆ ಸಾಕ್ಷಿಯಾಗಬಹುದಾಗಿದ್ದ ಹಳೆಯ ಲ್ಯಾಂಡಿಂಗ್ ಕಾರ್ಡುಗಳನ್ನು ಗೃಹ ಇಲಾಖೆಯೇ 2010ರಲ್ಲಿ ನಾಶಪಡಿಸಿದ್ದು 2018ರಲ್ಲಿ ಬಯಲಾಯಿತು. ತಮ್ಮ ಹಕ್ಕಿನ ಪುರಾವೆ ಪೂರ್ತಿಯಾಗಿ ಇನ್ನೊಬ್ಬರ ಕಪಾಟಿನಲ್ಲಿದ್ದರೆ ಏನಾಗಬಹುದು ಎಂಬುದನ್ನು ಇಲ್ಲಿನ ವಲಸಿಗರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪರಿಹಾರ ತಾಂತ್ರಿಕವಾಗಿ ಕಷ್ಟದ್ದೇನಲ್ಲ. ಕೋವಿಡ್ ಕಾಲದಲ್ಲಿ ಇದೇ ದೇಶ ಲಸಿಕೆಯ ಪಾಸನ್ನು ಕ್ಯೂಆರ್ ಕೋಡಿನೊಂದಿಗೆ ಪಿಡಿಎಫ್ ಆಗಿ ಕೊಟ್ಟಿತ್ತು. ಅದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಬಹುದಿತ್ತು, ಮುದ್ರಿಸಿಕೊಂಡು ಜೇಬಿನಲ್ಲೂ ಇಟ್ಟುಕೊಳ್ಳಬಹುದಿತ್ತು. ಸರ್ಕಾರದ ಡಿಜಿಟಲ್ ಸಹಿ ಇರುವ ಅಂಥದೇ ಒಂದು ಪ್ರತಿ ವೀಸಾಕ್ಕೂ ಇದ್ದರೆ, ಸರ್ವರ್ ಕೈಕೊಟ್ಟ ದಿನವೂ ವಿಮಾನ ಸಂಸ್ಥೆಯ ಸಿಬ್ಬಂದಿ ಅದನ್ನು ಸ್ಕ್ಯಾನ್ ಮಾಡಿ ಒಳಗೆ ಬಿಡಬಹುದು.

ಅದು ಬರುವವರೆಗೆ, ಊರಿನಿಂದ ಹೊರಡುವವರು ಅರ್ಜಿಯನ್ನು ಏಜೆಂಟರಿಂದಲೇ ತುಂಬಿಸಿದರೂ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ತಮ್ಮದೇ ಕೊಡಲಿ; ಇಲ್ಲಿನ ಸಿಮ್ ಸಿಗುವವರೆಗೆ ಊರಿನ ಸಿಮ್ಮಿಗೆ ರೋಮಿಂಗ್ ಹಾಕಿಸಿಕೊಂಡು ಬರಲಿ. ವೀಸಾ ಮಂಜೂರಾದ ಕೂಡಲೇ, ಹೊರಡುವ ಮೊದಲೇ ಖಾತೆ ತೆರೆದು ಹೆಸರು, ಜನ್ಮದಿನಾಂಕ, ವೀಸಾದ ಕೊನೆಯ ದಿನ ಮೂರನ್ನೂ ಪಾಸ್‌ಪೋರ್ಟ್ ಮತ್ತು ವೀಸಾ ಮಂಜೂರಾತಿ ಪತ್ರದ ಜೊತೆ ಹೋಲಿಸಿ ನೋಡಲಿ, ತಪ್ಪು ಕಂಡರೆ ಅಲ್ಲಿಯೇ ದೂರು ದಾಖಲಿಸಲಿ. ತಿದ್ದುಪಡಿ ಆಗುವವರೆಗೆ ಪ್ರಯಾಣದ ಟಿಕೆಟ್ ಮಾಡಿಸದಿರುವುದು ಒಳ್ಳೆಯದು.