ಹಳೆಯ ಆವೃತ್ತಿಯಲ್ಲೇ ಉಳಿಯುವ ಹಕ್ಕು

ಮಂಡ್ಯದಲ್ಲಿರುವ ಅಕ್ಕನ ಮಗನೂ ಮೈಸೂರಿನ ಕುವೆಂಪುನಗರದಲ್ಲಿರುವ ನಾನೂ ಎಂಟು ತಿಂಗಳಿನಿಂದ ಪ್ರತಿ ಶನಿವಾರ ರಾತ್ರಿ ಒಂದು ಬೇಸಾಯದ ಆಟವನ್ನು ಜೊತೆಯಾಗಿ ಆಡುತ್ತಿದ್ದೆವು. ಜಮೀನು ನನ್ನ ಕಂಪ್ಯೂಟರಿನಲ್ಲಿ ಸೇವ್ ಆಗಿರುತ್ತಿತ್ತು. ಅವನು ಅಲ್ಲಿಂದಲೇ ಬಂದು ಸೇರಿಕೊಂಡು ಬೆಳೆ ಕೊಯ್ಯುತ್ತಿದ್ದ, ಹಸುಗಳಿಗೆ ಮೇವು ಹಾಕುತ್ತಿದ್ದ. ಕಳೆದ ತಿಂಗಳು ಆ ಆಟಕ್ಕೆ ದೊಡ್ಡದೊಂದು ಅಪ್‌ಡೇಟ್ ಬಂತು. ಅದನ್ನು ಹಾಕಿಕೊಂಡು ಆಟ ತೆರೆದ ಎರಡು ನಿಮಿಷದೊಳಗೆ ಅವನು ಫೋನಿನಲ್ಲಿ, "ಮಾವ, ಕೊಟ್ಟಿಗೇಲಿ ಒಂದು ಹಸೂನೂ ಇಲ್ವಲ್ಲ" ಎಂದ.

ಹಸುಗಳಷ್ಟೇ ಅಲ್ಲ, ಕೊಟ್ಟಿಗೆಯ ಹಿಂದೆ ಕಟ್ಟಿದ್ದ ಉಗ್ರಾಣವೂ ಅದರಲ್ಲಿದ್ದ ದಾಸ್ತಾನೂ ಕಾಣೆಯಾಗಿದ್ದವು. ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗಬಹುದೆಂದು ಕಾದೆವು. ನಾಲ್ಕು ದಿನ ಕಂಪನಿಯಿಂದ ಒಂದು ಮಾತೂ ಬರಲಿಲ್ಲ. ಐದನೆಯ ದಿನ ತಿದ್ದುಪಡಿ ಬಂತು, ದೋಷವೂ ನಿಂತಿತು, ಆದರೆ ನಮ್ಮ ಹಸುಗಳು ಮರಳಲಿಲ್ಲ. ಆಟವು ಕೆಲವು ನಿಮಿಷಗಳಿಗೊಮ್ಮೆ ತಾನಾಗಿ ಸೇವ್ ಮಾಡಿಕೊಳ್ಳುತ್ತದೆ; ನಾವು ಖಾಲಿ ಕೊಟ್ಟಿಗೆಯ ಮುಂದೆ ನಿಂತು ಕಾರಣ ಹುಡುಕುತ್ತಿದ್ದ ಆ ಅರ್ಧ ಗಂಟೆಯಲ್ಲಿ ಕೆಟ್ಟ ಸ್ಥಿತಿಯೇ ಹಳೆಯ ಒಳ್ಳೆಯ ಸೇವ್‌ನ ಮೇಲೆ ಬರೆದುಕೊಂಡಿತ್ತು.

ಬಗ್ (ತಂತ್ರಾಂಶದ ದೋಷ) ಬಂದುದಕ್ಕೆ ನನಗೆ ಸಿಟ್ಟಿಲ್ಲ. ಆಟದ ಒಂದು ಭಾಗ ಇನ್ನೊಂದು ಭಾಗದೊಡನೆ ಎಷ್ಟು ಹೆಣೆದುಕೊಂಡಿರುತ್ತದೆಂದರೆ, ಮೇವಿನ ಲೆಕ್ಕವನ್ನು ತಿದ್ದಲು ಹೋದವರು ತಮಗೆ ತಿಳಿಯದೆಯೇ ಕೊಟ್ಟಿಗೆಯನ್ನು ಕೆಡಿಸಬಹುದು. ನೂರು ಜನ ಪರೀಕ್ಷಕರು ವಾರಕ್ಕೆ 40 ಗಂಟೆಯಂತೆ ಒಂದು ತಿಂಗಳು ಆಡಿದರೂ ಒಟ್ಟು 16,000 ಗಂಟೆಯಾಗುತ್ತದೆ. ಅಪ್‌ಡೇಟ್ ಬಿಡುಗಡೆಯಾದ ಮೇಲೆ ಒಂದು ಲಕ್ಷ ಜನ ತಲಾ ಒಂದು ಗಂಟೆ ಆಡಿದರೆ ಅಷ್ಟರಲ್ಲೇ ಲಕ್ಷ ಗಂಟೆ ಮುಗಿದಿರುತ್ತದೆ, ಅದೂ ಪರೀಕ್ಷಕರ ಬಳಿ ಇಲ್ಲದ ನಾನಾ ಬಗೆಯ ಕಂಪ್ಯೂಟರುಗಳಲ್ಲಿ, ಅವರು ಊಹಿಸದ ರೀತಿಯಲ್ಲಿ ಕಟ್ಟಿದ ಜಮೀನುಗಳಲ್ಲಿ. ಮೊದಲ ದಿನವೇ ಬಗ್ ಹೊರಬೀಳುವುದು ಸಹಜವೆಂದು ನಾನು ಒಪ್ಪುತ್ತೇನೆ.

ನನ್ನನ್ನು ನೋಯಿಸಿದ್ದು ಎರಡು ಸಂಗತಿಗಳು. ಆ ಅಪ್‌ಡೇಟ್ ಬೇಡವೆನ್ನುವ ಅವಕಾಶ ನನಗಿರಲಿಲ್ಲ ಎಂಬುದು ಒಂದು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಅಪ್‌ಡೇಟನ್ನು ಆಟ ತೆರೆಯುವವರೆಗೆ ಮುಂದೂಡಲು ಸಾಧ್ಯವಿದೆ, ಆದರೆ ತೆರೆಯುವ ಹೊತ್ತಿಗೆ ಸಾಮಾನ್ಯವಾಗಿ ಹಾಕಿಕೊಳ್ಳಲೇಬೇಕಾಗುತ್ತದೆ. ಹಳೆಯ ಆವೃತ್ತಿ ಬೇಕೆಂದರೆ ತಯಾರಕರೇ ಅದನ್ನು ಬೇರೆ ಆವೃತ್ತಿಗಳನ್ನು ಆರಿಸಿಕೊಳ್ಳುವ ಬೀಟಾ ವಿಭಾಗದಲ್ಲಿ ಆಯ್ಕೆಯಾಗಿ ಇಟ್ಟಿರಬೇಕು, ನಮ್ಮ ಆಟದವರು ಇಟ್ಟಿರಲಿಲ್ಲ. ಅಂಥದೇ ಇನ್ನೊಂದು ತಾಣವಾದ ಜಿಒಜಿಯಲ್ಲಿ ಕೊಂಡ ಆಟದ ಇನ್‌ಸ್ಟಾಲರನ್ನು ನಾವೇ ಇಳಿಸಿ ಜೋಪಾನ ಮಾಡಿಕೊಳ್ಳಬಹುದಾದ್ದರಿಂದ ಈ ತೊಂದರೆ ಅಷ್ಟಿಲ್ಲ. ಸಾವಿರಾರು ಜನ ಒಂದೇ ಸರ್ವರಿನಲ್ಲಿ ಸ್ಪರ್ಧಿಸುವ ಆಟದಲ್ಲಿ ಎಲ್ಲರೂ ಒಂದೇ ಆವೃತ್ತಿಯಲ್ಲಿರಬೇಕೆಂಬುದು ನ್ಯಾಯವೇ, ಆದರೆ ಇಬ್ಬರೇ ಕೂತು ಉಳುವ ಜಮೀನಿಗೆ ಆ ನಿಯಮ ಏಕೆ ಬೇಕು?

ಇನ್ನೊಂದು ಆ ನಾಲ್ಕು ದಿನಗಳ ಮೌನ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಭಾವನವರಿಗೆ ಈ ಸಂಗತಿಯನ್ನು ಹೇಳಿದಾಗ, ಕಟ್ಟು ಪದ್ಧತಿಯಲ್ಲಿ ನೀರು ಬಿಡುವ ದಿನ, ನಿಲ್ಲಿಸುವ ದಿನ ಮುಂಚಿತವಾಗಿ ತಿಳಿದರೆ ಅದಕ್ಕೆ ತಕ್ಕಂತೆ ನಾಟಿ ಹೊಂದಿಸಿಕೊಳ್ಳುತ್ತೇವೆ, ಏನೂ ತಿಳಿಯದೆ ಬದುವಿನ ಮೇಲೆ ಕೂರುವುದೇ ಕಷ್ಟ ಎಂದರು. "ಆಟ ತೆರೆಯಬೇಡಿ, ಸೇವ್ ಹಾಳಾಗುತ್ತಿದೆ" ಎಂಬ ಒಂದು ಸಾಲನ್ನು ಆ ಶನಿವಾರವೇ ಪ್ರಕಟಿಸಿದ್ದರೆ, ನಂತರ ಆಟ ತೆರೆದವರ ಜಮೀನುಗಳಾದರೂ ಉಳಿಯುತ್ತಿದ್ದವು.

ಇದು ಅಸಾಧ್ಯವಾದ ಬೇಡಿಕೆಯಲ್ಲ. 2020ರ ಜನವರಿಯಲ್ಲಿ ಡೆಸ್ಟಿನಿ 2 ಆಟಕ್ಕೆ ಬಂದ ಅಪ್‌ಡೇಟಿನಿಂದ ಆಟಗಾರರು ಕೂಡಿಟ್ಟಿದ್ದ ಸಾಮಗ್ರಿ ಮತ್ತು ಆಟದೊಳಗಿನ ಹಣ ಮಾಯವಾದಾಗ, ತಯಾರಕರಾದ ಬಂಜೀ ಸಂಸ್ಥೆಯವರು ಸರ್ವರುಗಳನ್ನು ನಿಲ್ಲಿಸಿ ಎಲ್ಲ ಖಾತೆಗಳನ್ನೂ ಅಪ್‌ಡೇಟಿಗೆ ಮುಂಚಿನ ಸ್ಥಿತಿಗೆ ಮರಳಿಸಿದರು. ಎರಡು ವಾರದಲ್ಲಿ ಅದೇ ದೋಷ ಮತ್ತೆ ಕಾಣಿಸಿಕೊಂಡಿತು, ಮತ್ತೆ ಹಾಗೆಯೇ ಮರಳಿಸಿದರು. ಒಂದೇ ತಪ್ಪು ಎರಡು ಬಾರಿ ಆದುದು ಆಟಗಾರರನ್ನು ಕೆರಳಿಸಿತೆಂಬುದು ನಿಜ, ಆದರೂ ಅವರ ಗಳಿಕೆ ಉಳಿಯಿತು. 2017ರಲ್ಲಿ ರೇನ್‌ಬೋ ಸಿಕ್ಸ್ ಸೀಜ್ ಆಟದ ವಿಷಯದಲ್ಲಿ ಅದರ ತಯಾರಕರಾದ ಯೂಬಿಸಾಫ್ಟ್ ಸಂಸ್ಥೆ ಇನ್ನೂ ದೊಡ್ಡ ತೀರ್ಮಾನ ಮಾಡಿತು: ಆಪರೇಷನ್ ಹೆಲ್ತ್ ಎಂಬ ಹೆಸರಿನಲ್ಲಿ ಹೊಸ ಪಾತ್ರ, ಹೊಸ ನಕಾಶೆಗಳನ್ನು ಮೂರು ತಿಂಗಳು ಮುಂದೂಡಿ, ಇರುವುದನ್ನು ದುರಸ್ತಿ ಮಾಡಲು ಆ ಅವಧಿಯನ್ನು ಮೀಸಲಿಟ್ಟಿತು. ಹೊಸತು ಬರಲಿಲ್ಲವೆಂದು ಆಗ ಗೊಣಗಿದವರೂ ಇದ್ದರು. ನನ್ನ ಮಟ್ಟಿಗೆ ಅದು ಸರಿಯಾದ ನಿರ್ಧಾರ. ಸಾಧ್ಯವಾದರೆ ಪ್ರತಿ ಆಟವೂ ಎರಡು ವರ್ಷಕ್ಕೊಮ್ಮೆ ಹಾಗೆ ನಿಂತು ತನ್ನನ್ನು ತಾನು ನೋಡಿಕೊಳ್ಳಲಿ ಎಂದು ಬಯಸುತ್ತೇನೆ.

ನಮ್ಮ ಆಟದವರಿಗೆ ನಾನು ಬರೆದ ದೂರಿನಲ್ಲಿ ಕೋಪದ ಮಾತುಗಳನ್ನು ಎರಡು ಬಾರಿ ಬರೆದು ಎರಡು ಬಾರಿಯೂ ಅಳಿಸಿದೆ. ಬಗ್ ಸರಿಪಡಿಸುವವರು ಬಹುಶಃ ವಾರಪೂರ್ತಿ ನಿದ್ದೆಗೆಟ್ಟಿದ್ದರು, ಅವರನ್ನು ಬೈದು ನನಗೇನೂ ಆಗಬೇಕಾಗಿರಲಿಲ್ಲ. ಕೊನೆಗೆ ಕೇಳಿದ್ದು ಒಂದೇ: ಆವೃತ್ತಿ ಬದಲಾದಾಗಲೆಲ್ಲ, ಸೇವ್ ತೆರೆಯುವ ಮೊದಲು ಅದರ ಒಂದು ಪ್ರತಿಯನ್ನು ಆಟವೇ ಪಕ್ಕಕ್ಕಿಡಲಿ. ನಮ್ಮ ಸೇವ್ ಕಡತ ಒಂದು ಫೋಟೋದಷ್ಟೂ ದೊಡ್ಡದಲ್ಲ. ಉತ್ತರ ಇನ್ನೂ ಬಂದಿಲ್ಲ.

ಅದು ಬರುವವರೆಗೆ ಆ ಕೆಲಸವನ್ನು ನಾನೇ ಮಾಡುತ್ತಿದ್ದೇನೆ. ಹೊಸದಾಗಿ ತೊಡಗಿದ ಜಮೀನಿನಲ್ಲಿ ಕಬ್ಬು ನೆಟ್ಟಿದ್ದೇವೆ, ಕೊಟ್ಟಿಗೆ ಕಟ್ಟಲು ಅಕ್ಕನ ಮಗನಿಗಿನ್ನೂ ಮನಸ್ಸು ಬಂದಿಲ್ಲ. ಶನಿವಾರ ಆಟ ಮುಗಿಸುವಾಗ "ಕಾಪಿ ಮಾಡ್ಕಂಡ್ಯಾ ಮಾವ?" ಎಂದು ಕೇಳುತ್ತಾನೆ; ಕಡತ ಪೆನ್‌ಡ್ರೈವ್‌ಗೆ ಹೋಯಿತೆಂದು ನಾನು ಹೇಳುವವರೆಗೆ ಫೋನ್ ಇಡುವುದಿಲ್ಲ.