ಹನ್ನೊಂದು ರಾಶಿ ಅಡಿಕೆ

ಎರಡು ವರ್ಷದ ಹಿಂದಿನ ಜುಲೈ. ಶಿರಸಿಯಿಂದ ಸೋಂದೆಗೆ ಹೋಗುವ ದಾರಿಯಲ್ಲಿ ಅಕ್ಕನ ಮನೆ. ನಾನು ಹೋದಾಗಿನಿಂದ ಮಳೆ ಒಂದೇ ಸಮ ಹೊಯ್ಯುತ್ತಿತ್ತು. ಕರೆಂಟು ಹೋಗಿ ಎರಡು ದಿನವಾಗಿತ್ತು. ಶಾಲೆಗೆ ರಜೆ ಕೊಟ್ಟಿದ್ದರು. ಅಕ್ಕನ ಮಗನಿಗೆ 12 ವರ್ಷ. ಮಾಡಲು ಕೆಲಸವಿಲ್ಲದೆ ಜಗಲಿಯಿಂದ ಒಳಗೆ, ಒಳಗಿಂದ ಜಗಲಿಗೆ ತಿರುಗುತ್ತಿದ್ದವನು ಕೊನೆಗೆ ನನ್ನ ಚೀಲಕ್ಕೆ ಕೈ ಹಾಕಿದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಮೂರು ಪುಸ್ತಕ ಅವನ ಕೈಗೆ ಸಿಕ್ಕವು. ಒಂದರ ಮುಖಪುಟದಲ್ಲಿ ಕೋರೆಹಲ್ಲಿನ ಹಸಿರು ರಾಕ್ಷಸ.

"ಮಾವ, ಇದೆಂತಾ ಪುಸ್ತಕ?"

ಈ ಪ್ರಶ್ನೆಗೆ ನಾನು ಎಷ್ಟು ಹೊತ್ತು ಬೇಕಾದರೂ ಉತ್ತರ ಹೇಳಬಲ್ಲೆ. ಅವತ್ತು ಹೊತ್ತು ಬೇಕಾದಷ್ಟಿತ್ತು.

ವಾರ್‌ಹ್ಯಾಮರ್ 40,000 ಅಂತ ಒಂದು ಆಟವಿದೆ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿಯದು. ರಿಕ್ ಪ್ರೀಸ್ಟ್ಲಿ ಬರೆದ ಇದರ ಮೊದಲ ನಿಯಮದ ಪುಸ್ತಕ ಬಂದಿದ್ದು 1987ರಲ್ಲಿ. ಕಥೆ ನಡೆಯುವುದು ಸುಮಾರು 38 ಸಾವಿರ ವರ್ಷದಾಚೆ, ನಕ್ಷತ್ರಗಳ ನಡುವೆ. ಆಡುವುದು ಮಾತ್ರ ಮೇಜಿನ ಮೇಲೆ. ಹೆಬ್ಬೆರಳುದ್ದದ ಸೈನಿಕ ಗೊಂಬೆಗಳು, ದಾಳ, ಅಳತೆ ಪಟ್ಟಿ. ಆಟಕ್ಕೆಲ್ಲ ಸೇರಿ ಒಂದು ದೊಡ್ಡ ನಿಯಮ ಪುಸ್ತಕ. ಅದಲ್ಲದೆ ಒಂದೊಂದು ಸೈನ್ಯಕ್ಕೂ ಅದರದೇ ಬೇರೆ ಪುಸ್ತಕ. ಅದನ್ನು ಕೋಡೆಕ್ಸ್ ಅನ್ನುತ್ತಾರೆ. ಆ ಸೈನ್ಯದವರು ಯಾರು, ಎಲ್ಲಿಂದ ಬಂದರು, ಯಾಕೆ ಹೊಡೆದಾಡುತ್ತಾರೆ ಅನ್ನುವ ಕಥೆ, ಚಿತ್ರ, ಬಣ್ಣ ಹಚ್ಚುವ ಬಗೆ, ಕೊನೆಗೆ ಪ್ರತಿ ಸೈನಿಕನ ಬಲಾಬಲ, ಅವನಿಗೆ ಇಷ್ಟು ಅಂಕ ಎಂಬ ಪಟ್ಟಿ. ಇಬ್ಬರೂ ಸಮಸಮ ಅಂಕದಲ್ಲಿ ಸೈನ್ಯ ಕಟ್ಟಿಕೊಂಡು ಎದುರಾಗಬೇಕು.

ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ವಿದೇಶಕ್ಕೆ ಹೊರಟಾಗ ತಮ್ಮ ಗೊಂಬೆಗಳನ್ನೆಲ್ಲ ಮಾರಿದರು. ಪುಸ್ತಕ ಮಾತ್ರ ಯಾರಿಗೂ ಬೇಡವಾಯಿತು. 2017ರಲ್ಲಿ ಎಂಟನೇ ಆವೃತ್ತಿ ಬಂದಾಗ ಹಿಂದಿನ ಕೋಡೆಕ್ಸ್‌ಗಳ ನಿಯಮ ಒಂದೇ ಸಲಕ್ಕೆ ರದ್ದಾಗಿತ್ತು. ಹಾಗೆ ನನ್ನ ಪಾಲಿಗೆ ಬಂದವು ಇವು: 2008ರ ಐದನೇ ಆವೃತ್ತಿಯ ನಿಯಮ ಪುಸ್ತಕ, ಅದೇ ವರ್ಷದ ಓರ್ಕ್ ಕೋಡೆಕ್ಸ್ (ಮುಖಪುಟದ ಆ ಹಸಿರು ರಾಕ್ಷಸರದು), 2006ರ ಟೌ ಕೋಡೆಕ್ಸ್ (ಇನ್ನೊಂದು ಅನ್ಯಗ್ರಹ ಜಾತಿಯದು). ಆಮೇಲೆ ಬೇರೆಯವರ ಹತ್ತಿರ ಬೇರೆ ಬೇರೆ ಕೋಡೆಕ್ಸ್ ನೋಡಿದ್ದೇನೆ. ದಪ್ಪ ರಟ್ಟಿನವು, ಪುಟಪುಟಕ್ಕೂ ಬಣ್ಣದವು. ಆದರೂ ಈ ಎರಡರಷ್ಟು ಯಾವುದೂ ಮನಸ್ಸಿಗೆ ಹತ್ತಲಿಲ್ಲ. ಊರಿಗೆ ಹೋಗುವಾಗಲೂ ಚೀಲದಲ್ಲಿ ಇವು ಇರುತ್ತವೆ.

ಹುಡುಗ ಓರ್ಕ್ ಪುಸ್ತಕದ ಚಿತ್ರ ನೋಡುತ್ತಾ ಕೂತ. ನಾನು ಕಥೆ ಹೇಳಿದೆ. ಓರ್ಕರು ತಾಯಿ ಹೊಟ್ಟೆಯಲ್ಲಿ ಹುಟ್ಟುವವರಲ್ಲ, ಶಿಲೀಂಧ್ರದ ಜಾತಿ. ಸತ್ತಲ್ಲಿ ಬೀಜದ ಪುಡಿ ಉದುರಿಸಿ ಹೋಗುತ್ತಾರೆ. ನೆಲದೊಳಗಿಂದ ಮತ್ತೆ ಎದ್ದು ಬರುತ್ತಾರೆ. ಒಮ್ಮೆ ಓರ್ಕರು ಕಾಲಿಟ್ಟ ಗ್ರಹದಲ್ಲಿ ಅವರನ್ನು ಪೂರ್ತಿ ಇಲ್ಲವಾಗಿಸುವುದು ಸುಲಭವಲ್ಲ.

"ಅಣಬೆ ಎದ್ದಂಗೆ," ಅಂದ. ಆ ವಾರವಷ್ಟೇ ಮನೆ ಹಿಂದಿನ ಬೆಟ್ಟದಿಂದ ಬುಟ್ಟಿ ತುಂಬ ಅಣಬೆ ಕಿತ್ತು ತಂದಿದ್ದ. ಇವನಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಟೌಗಳ ಕಥೆಯೂ ಬೇಗ ಹಿಡಿಸಿತು. ಅವರಲ್ಲಿ ಮಣ್ಣು, ನೀರು, ಬೆಂಕಿ, ಗಾಳಿ ಅಂತ ನಾಲ್ಕು ಪಂಗಡ. ಕಟ್ಟುವವರು, ಮಾತುಕತೆ ನಡೆಸುವವರು, ಕಾದಾಡುವವರು, ಹಾರುವವರು. ಇವರೆಲ್ಲರ ಮೇಲೆ ಐದನೆಯವರು, ಈಥೀರಿಯಲ್‌ಗಳು. "ಪಂಚಭೂತ!" ಅಂದ ಹುಡುಗ. ಒಂದು ಗಳಿಗೆ ಬಿಟ್ಟು ಕೇಳಿದ, "ಗೊಂಬೆ ಇಲ್ದೇ ಹೆಂಗೆ ಆಡದು ಮಾವ?"

ಜಗಲಿಯ ಮೂಲೆಯಲ್ಲಿ ಅವನ ಅಜ್ಜ, ಅಂದರೆ ಭಾವನ ಅಪ್ಪ, ಮೆಟ್ಟುಗತ್ತಿಯ ಮುಂದೆ ಕೂತು ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿದ ಅಡಿಕೆ, ಸುಲಿಯುತ್ತಿದ್ದರು. ಪಕ್ಕದಲ್ಲಿ ಸುಲಿದ ಬಿಳಿ ಅಡಿಕೆಯ ರಾಶಿ. ಒಳಗೆ ಅಟ್ಟದ ಮೇಲೆ ದರ ಏರಲಿ ಅಂತ ಇಟ್ಟಿದ್ದ ಕೆಂಪಡಿಕೆ ಚೀಲ. ನಾನು ಬಾಯಿ ಬಿಡುವ ಮೊದಲೇ ಹುಡುಗ ಅಜ್ಜನ ಮುಂದೆ ನಿಂತಿದ್ದ.

"ತಗಳಿ. ಆದ್ರೆ ಎರಡೂ ಬೆರೆಸಡಿ. ಎಣಿಸಿ ವಾಪಸ್ ಕೊಡವು," ಅಂದರು ಅಜ್ಜ.

ಹಾಗಾಗಿ ಚಾಲಿ ಅಡಿಕೆ ಟೌಗಳಾದವು. ಬೇಯಿಸಿ ಒಣಗಿಸಿದ ಕೆಂಪಡಿಕೆ, ನಮ್ಮ ಕಡೆ ರಾಶಿ ಅಡಿಕೆ ಅನ್ನುವುದು, ಓರ್ಕರಾದವು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲಕ್ಕೆ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆವು. ಅಕ್ಕನ ಹೊಲಿಗೆ ಪೆಟ್ಟಿಗೆಯಿಂದ ಇಂಚಿನ ಟೇಪು ಬಂತು. ಹಾವು ಏಣಿ ಆಟದ ದಾಳ ಮೂರು ಸಿಕ್ಕವು. ಟೌ ಸೈನಿಕರ ಗುರಿ ದಾಳದಲ್ಲಿ 4 ಅಥವಾ ಹೆಚ್ಚು ಬಿದ್ದರೆ ತಾಗುತ್ತದೆ, ಅಂದರೆ ಅರ್ಧಕ್ಕರ್ಧ. ಅದಕ್ಕೆ ಅಜ್ಜಿಯ ಕವಡೆಗಳೇ ಸಾಕಾದವು. 12 ಕವಡೆ ಬೊಗಸೆಯಲ್ಲಿ ಕುಲುಕಿ ಚೆಲ್ಲುವುದು, ಅಂಗಾತ ಬಿದ್ದದ್ದು ಲೆಕ್ಕ.

500 ಅಂಕದ ಆಟ. ಓರ್ಕ್ ಸೈನಿಕನೊಬ್ಬನಿಗೆ 6 ಅಂಕ, ಟೌ ಬೆಂಕಿ ಯೋಧನೊಬ್ಬನಿಗೆ 10. ಓರ್ಕರು ಅಕ್ಕನ ಮಗನ ಪಾಲಿಗೆ, ಟೌಗಳು ನನ್ನ ಪಾಲಿಗೆ. ಅವನು ಮೂವತ್ತು ಮೂವತ್ತರ ಎರಡು ಗುಂಪು ಮಾಡಿದ. ಪ್ರತಿ ಗುಂಪಿಗೂ ಒಬ್ಬ ನಾಬ್, ಅಂದರೆ ದೊಡ್ಡ ಓರ್ಕ್. ಆ ಅಡಿಕೆಗೆ ಬಾಳೆನಾರು ಕಟ್ಟಿ ಗುರುತು ಮಾಡಿದ. ಎಲ್ಲರ ಮೇಲೆ ಒಬ್ಬ ವಾರ್‌ಬಾಸ್, ಅದು ಒಂದು ಜಾಯಿಕಾಯಿ. ನನ್ನ ಕಡೆ ಹನ್ನೆರಡರ ಎರಡು ಗುಂಪು, ಯಾಂತ್ರಿಕ ಕವಚ ತೊಟ್ಟ ನಾಯಕ ಮತ್ತು ಅವನ ಜೊತೆಗಾರರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಪುಸ್ತಕಗಳು ನನಗೆ ಯಾಕೆ ಇಷ್ಟ ಅಂದರೆ, ಇವುಗಳಲ್ಲಿ ಕಥೆ ಬೇರೆ, ನಿಯಮ ಬೇರೆ ಅಂತ ಇಲ್ಲ. ನಿಯಮವೇ ಕಥೆ ಹೇಳುತ್ತದೆ. ಓರ್ಕರ ಧೈರ್ಯದ ನಿಯಮ ನೋಡಿ. ಬೇರೆ ಸೈನ್ಯಗಳಲ್ಲಿ ಧೈರ್ಯ ಅನ್ನುವುದು ಸೈನಿಕನ ಹೆಸರಿನ ಮುಂದೆ ಬರೆದಿಟ್ಟ ಒಂದು ಅಂಕಿ. ಓರ್ಕರಿಗೂ ಅಂಥದೊಂದು ಅಂಕಿ ಇದೆ, 7. ಆದರೆ ಅದರ ಬದಲು ಗುಂಪಿನಲ್ಲಿ ಎಷ್ಟು ಜನ ಉಳಿದಿದ್ದಾರೋ ಅಷ್ಟನ್ನೇ ಧೈರ್ಯ ಅಂತ ಹಿಡಿಯಬಹುದು. ಒಂಬತ್ತು ಜನರಿದ್ದರೆ ಧೈರ್ಯ 9. ಹನ್ನೊಂದು ಅಥವಾ ಹೆಚ್ಚು ಇದ್ದರೆ ಹೆದರಿಕೆ ಎಂಬುದೇ ಇಲ್ಲ, ದಾಳ ಹಾಕಿ ನೋಡುವ ಕೆಲಸವೂ ಇಲ್ಲ. ಎರಡು ಮೂರು ಸಾಲಿನ ನಿಯಮ. ಜಾತ್ರೆಯ ನೂಕುನುಗ್ಗಲಿನಲ್ಲಿ ಹುಡುಗರ ದಂಡು ಹೇಗಿರುತ್ತದೆ, ಅದೇ ದಂಡಿನಿಂದ ಒಬ್ಬೊಬ್ಬರೇ ಮನೆಗೆ ಹೋಗಿ ಕೊನೆಗೆ ನಾಲ್ವರು ಉಳಿದಾಗ ಹೇಗಿರುತ್ತದೆ, ಎಲ್ಲ ಅದರಲ್ಲಿದೆ.

ನಾಬ್‌ನ ಕೈಯಲ್ಲಿ ಒಂದು ಕೋಲು ಕೊಡಬಹುದು, ಬಾಸ್‌ಪೋಲ್. ಗುಂಪು ಹೆದರಿ ಓಡುವಂತಾದಾಗ ಅದರಿಂದ ತನ್ನವರ ತಲೆಗೇ ಬಾರಿಸುತ್ತಾನೆ. ಗುಂಪು ಒಂದು ಗಾಯ ತಿನ್ನಬೇಕು, ಆಗ ಇನ್ನೊಂದು ಸಲ ದಾಳ ಹಾಕಬಹುದು. 2002ರ ನೆಕ್ರಾನ್ ಪುಸ್ತಕವೂ ಇದೇ ಥರದ್ದು. ಬಿದ್ದ ಲೋಹದ ಯೋಧರು 4 ಅಥವಾ ಹೆಚ್ಚು ಬಿದ್ದರೆ ಎದ್ದು ಕೂರುತ್ತಾರೆ. ಆದರೆ ಕಾಲು ಭಾಗಕ್ಕೆ ಇಳಿದರೆ ಇಡೀ ಸೈನ್ಯ ಮಾಯ. ಕಥೆಯ ಒಂದಕ್ಷರ ಓದದೆಯೂ ಆಡಿದವನಿಗೆ ಮೈ ಜುಮ್ಮೆನ್ನುತ್ತದೆ.

ಟೌ ಪುಸ್ತಕದ ಜೀವ ಇರುವುದು ದೂರದಲ್ಲಿ. ಅವರ ಬಂದೂಕು 30 ಇಂಚು ತಲುಪುತ್ತದೆ. ಕೈಗೆ ಕೈ ಸಿಕ್ಕಿದರೆ ಮುಗಿಯಿತು. ನಮ್ಮಿಬ್ಬರ ಸಾಲುಗಳ ನಡುವೆ 24 ಇಂಚು. ಇಡೀ ಆಟ ಆ 24 ಇಂಚಿನದೇ.

ನನ್ನದು ಮೊದಲ ಸರದಿ. ಎಡಗಡೆಯ ಗುಂಪಿನ ಮೇಲೆ ಎಲ್ಲವನ್ನೂ ಸುರಿದೆ. ಒಂಬತ್ತು ಅಡಿಕೆ ಸತ್ತು ಗೆರೆಯ ಹೊರಗೆ ಹೋದವು. ಅವನು ಎರಡೂ ಗುಂಪನ್ನು 6 ಇಂಚು ನಡೆಸಿ, ದಾಳ ಹಾಕಿ ಓಡಿಸಿದ. ಎಡಕ್ಕೆ 5, ಬಲಕ್ಕೆ 2. ಮತ್ತೆ ನಾನು. ಎಡಗಡೆ ಇನ್ನೂ ಹನ್ನೆರಡು ಹೋದವು, ಉಳಿದದ್ದು ಒಂಬತ್ತು. ಎರಡು ದಾಳ ಹಾಕಿದ. 10 ಬಿತ್ತು, ಧೈರ್ಯ 9ಕ್ಕಿಂತ ಒಂದು ಹೆಚ್ಚು, ಅಂದರೆ ಹೆದರಿದರು. ಒಂದು ಅಡಿಕೆ ತಾನೇ ತೆಗೆದು ಪಕ್ಕಕ್ಕಿಟ್ಟ, ಬಾಸ್‌ಪೋಲ್ ಪೆಟ್ಟಿಗೆ. ಮತ್ತೆ ಹಾಕಿದ. 11. ಎಡಗುಂಪು ಓಡಿತು. ಅವನ ಮುಖ ನೋಡಲಾಗಲಿಲ್ಲ ನನಗೆ.

"ಇನ್ನೊಂದು ಗುಂಪು ಇದೆ ಅಲ್ವಾ? ಈಗ ವಾಆಘ್ ಕೂಗು," ಅಂದೆ.

ಅದು ಓರ್ಕರ ರಣಕೇಕೆ. ಆಟದಲ್ಲಿ ಒಂದೇ ಸಲ ಕೂಗಬಹುದು, ಅದೂ ಮೊದಲ ಸರದಿಯಲ್ಲಿ ಅಲ್ಲ. ಕೂಗಿದ ಸರದಿಯಲ್ಲಿ ಓಡಿದ ಮೇಲೂ ಮೈಮೇಲೆ ಬೀಳಬಹುದು. ಹುಡುಗ ಸಣ್ಣಗೆ ಕೂಗಿದ. ಅಜ್ಜ ಮೆಟ್ಟುಗತ್ತಿ ನಿಲ್ಲಿಸಿ ಇತ್ತ ತಿರುಗಿದರು. ಅವರು ವಯಸ್ಸಿನಲ್ಲಿ ಊರಿನ ಯಕ್ಷಗಾನದ ಆಟಗಳಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಮಾಡುತ್ತಿದ್ದವರು.

"ಹಾಂಗಲ್ಲ. ಬಣ್ಣದ ವೇಷ ಚೌಕಿಯಿಂದ್ಲೇ ಅಬ್ಬರ ಕೊಡವು. ನೋಡೋರಿಗೆ ಅರ್ಧ ಹೆದರಿಕೆ ಅಲ್ಲೇ ಆಗ್ತು," ಅಂದು ಕೂತಲ್ಲಿಂದಲೇ ಒಂದು ಅಬ್ಬರ ಕೊಟ್ಟರು. ಎಪ್ಪತ್ತೈದು ದಾಟಿದ ದೇಹದಿಂದ ಆ ದನಿ! ಕೊಟ್ಟಿಗೆಯಲ್ಲಿ ದನ ಎದ್ದು ನಿಂತವು. ಅಕ್ಕ ಒಳಗಿಂದ ಓಡಿ ಬಂದಳು. ಆ ಇಂಗ್ಲಿಷ್ ಕೂಗಿಗೆ ಸರಿಯಾದ ಕನ್ನಡ ಮಾತು ಅವತ್ತು ಸಿಕ್ಕಿತು. ಅಬ್ಬರ. ಈಗ ನಾನು ಬೇರೆ ಪದ ಬಳಸುವುದೇ ಇಲ್ಲ.

ಬಲಗುಂಪು 6 ಇಂಚು ನಡೆಯಿತು. ಓಟಕ್ಕೆ 3 ಬಿತ್ತು. ಟೇಪು ಹಿಡಿದರೆ ನನ್ನ ಸಾಲಿಗೆ ಇನ್ನೂ 7 ಇಂಚು. ನುಗ್ಗಲು ಸಾಧ್ಯ ಇರುವುದು 6. ಒಂದೇ ಒಂದು ಇಂಚು ಕಮ್ಮಿ.

ಹುಡುಗ ಸುಮ್ನೆ ಕೂತು ಅಡಿಕೆಗಳನ್ನೇ ನೋಡಿದ. ಆಮೇಲೆ ಪುಸ್ತಕ ಎಳೆದುಕೊಂಡು ಪುಟ ತಿರುವಿದ. ಓರ್ಕರಲ್ಲಿ ಒಂದು ನಂಬಿಕೆ ಇದೆ, ಕೆಂಪು ಬಣ್ಣ ಹಚ್ಚಿದ್ದು ಜಾಸ್ತಿ ಓಡುತ್ತದೆ ಅಂತ. ಅವರು ನಂಬಿದ್ದಕ್ಕೇ ಅದು ನಿಜವೂ ಆಗುತ್ತದೆ. ಪುಸ್ತಕದಲ್ಲಿ ಅದಕ್ಕೂ ನಿಯಮ ಇದೆ, ಒಂದು ಇಂಚು ಹೆಚ್ಚು. ಬೆಳಿಗ್ಗೆ ಚಿತ್ರ ತೋರಿಸುವಾಗ ನಾನೇ ಹೇಳಿದ್ದೆ.

"ಮಾವ, ರಾಶಿ ಅಡಿಕೆ ಕೆಂಪು ಅಲ್ದಾ? ಒಂದು ಇಂಚು ಜಾಸ್ತಿ ಹೋಗ್ತು." ಹೇಳುತ್ತಲೇ ಅಡಿಕೆಗಳನ್ನು ಮುಂದೆ ಸರಿಸಿಯೂ ಬಿಟ್ಟ.

ನಾನು ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. "ನೀನೇ ಓದು" ಅಂದೆ. ಹೊರಗಿನ ಬೆಳಕಿಗೆ ಪುಸ್ತಕ ಹಿಡಿದು ಇಂಗ್ಲಿಷ್ ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಪದ ಓದಿದ. ಇನ್ನೊಂದು ಸಲ ಓದಿದ.

"ಗಾಡಿಗೆ ಮಾತ್ರ ಅಡ," ಅಂದ.

ಆಮೇಲೆ ಮೂವತ್ತು ಅಡಿಕೆಯನ್ನೂ ಒಂದೊಂದಾಗಿ ಒಂದು ಇಂಚು ಹಿಂದಕ್ಕೆ ಇಟ್ಟ. ಟೇಪು ಹಿಡಿದು ಅಳೆದು ಇಟ್ಟ. ಯಾರೂ ಹೇಳಿರಲಿಲ್ಲ. ಆ ಪುಟ್ಟ ಬೆರಳುಗಳು ನನಗೆ ಇವತ್ತಿಗೂ ಕಣ್ಣ ಮುಂದಿವೆ.

ಈಗ ನನ್ನ ಸರದಿ. 12 ಇಂಚಿನ ಒಳಗೆ ಬಂದವರ ಮೇಲೆ ಟೌ ಬಂದೂಕು ಎರಡೆರಡು ಸಲ ಹಾರುತ್ತದೆ. 24 ಜನ, 48 ಗುಂಡು. ಕವಡೆ ನಾಲ್ಕು ಸಲ ಚೆಲ್ಲಿದೆವು. ಅರ್ಧ ತಾಗಿದವು. ತಾಗಿದ್ದರಲ್ಲಿ ಮೂರಕ್ಕೆ ಎರಡು ಕೊಲ್ಲುತ್ತವೆ. ಹದಿನಾರು ಅಡಿಕೆ ಹೋದವು. ಕವಚದವರು ಇನ್ನು ಮೂರು ತೆಗೆದರು. ಉಳಿದವನ್ನು ಹುಡುಗ ಎಣಿಸಿದ. ತಪ್ಪಿರಬಹುದೆಂದು ನಾನೂ ಎಣಿಸಿದೆ. ಅಜ್ಜನೂ ಬಗ್ಗಿ ಎಣಿಸಿದರು.

ಹನ್ನೊಂದು.

ಒಂದು ಕಮ್ಮಿಯಾಗಿದ್ದರೆ ದಾಳ ಹಾಕಬೇಕಿತ್ತು. ಹನ್ನೊಂದಕ್ಕೆ ಬೇಡ. ಓರ್ಕರು ನಿಂತಲ್ಲೇ ನಿಂತರು. ಮುಂದಿನ ಸರದಿಯಲ್ಲಿ ಈ ಸಲ ಹುಡುಗನೇ ಎದ್ದು ನಿಂತು, ಎದೆಯುಬ್ಬಿಸಿ, ಅಜ್ಜ ತೋರಿಸಿದ ಹಾಗೆ ಅಬ್ಬರ ಕೊಟ್ಟ. ನಿಯಮದ ಪ್ರಕಾರ ಅದರ ಅಗತ್ಯ ಇರಲಿಲ್ಲ, ಏಳು ಇಂಚು ಸುಲಭದ ದಾರಿ. ನನ್ನ ಬಲಗುಂಪಿನ ಹನ್ನೆರಡು ಚಾಲಿ ಅಡಿಕೆಯೂ ಅಲ್ಲಿಗೆ ಮುಗಿದವು. ಕೈಗೆ ಕೈ ಸಿಕ್ಕಿದ ಟೌಗಳಿಗೆ ಆಗಬೇಕಾದ್ದೇ ಆಯಿತು. ನಾನು ಮೂವತ್ತು ಇಂಚಿನ ಬಂದೂಕು ಇಟ್ಟುಕೊಂಡು, ಹಿಂದೆ ಸರಿಯದೆ ಒಂದೇ ಕಡೆ ನಿಂತಿದ್ದೆ. ಆ ಪುಸ್ತಕ ಪುಟಪುಟದಲ್ಲೂ ಹೇಳುವುದು ಜಾಗ ಬಿಟ್ಟುಕೊಟ್ಟು ಗೆಲ್ಲು ಅಂತ.

"ಆಸ್ರಿಗೆ ಬನ್ನಿ," ಅಕ್ಕ ಕರೆದಳು. ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ, ಬಿಸಿ ಕಷಾಯ. ಹಪ್ಪಳ ಮುರಿಯುತ್ತಾ ಹುಡುಗ ಕೇಳಿದ್ದೆಲ್ಲ ಓರ್ಕರ ಬಗ್ಗೆಯೇ. ಅವರ ಒಂದು ಬಂದೂಕಿಗೆ ಪ್ರತಿ ಸಲವೂ ಎರಡು ದಾಳ ಹಾಕಿಯೇ ಬಲ ತಿಳಿಯಬೇಕು, ಎರಡರಲ್ಲೂ ಒಂದೇ ಅಂಕಿ ಬಿದ್ದರೆ ಏನೇನೋ ಆಗುತ್ತದೆ ಅಂದೆ. ಕಷಾಯ ಆರಿ ತಣ್ಣಗಾಯಿತು.

ಕತ್ತಲಾಗುವ ಮೊದಲು ಅಡಿಕೆ ವಾಪಸ್ ಕೊಡಬೇಕಿತ್ತು. ಅಜ್ಜ ಚಾಲಿಯನ್ನು ಎಣಿಸಿ ಬುಟ್ಟಿಗೆ ಹಾಕಿಕೊಂಡರು. ಕೆಂಪಡಿಕೆ ಅರವತ್ತು ಇರಬೇಕಿತ್ತು, ಐವತ್ತೊಂಬತ್ತು ಇತ್ತು. ಜಗಲಿಯ ಮೂಲೆ, ಕಂಬದ ಬುಡ, ಚಾಪೆ ಕೆಳಗೆ ಎಲ್ಲ ಹುಡುಕಿದೆವು. ಹುಡುಗನೂ ನಮ್ಮ ಜೊತೆ ಹುಡುಕುತ್ತಿದ್ದ, ಚಡ್ಡಿಯ ಜೇಬಿನ ಮೇಲೆ ಒಂದು ಕೈ ಒತ್ತಿಕೊಂಡು. ಜೇಬಿನ ಬಾಯಿಯಿಂದ ಬಾಳೆನಾರಿನ ತುದಿ ಹೊರಗೆ ಕಾಣುತ್ತಿತ್ತು.

ಅಜ್ಜ ಅದನ್ನು ನೋಡಿದರು. ನನ್ನನ್ನೂ ನೋಡಿದರು. "ಲೆಕ್ಕ ಸರಿ ಇದ್ದು," ಅಂದು ಚೀಲದ ಬಾಯಿ ಕಟ್ಟಿದರು.