ಮೇಜು ತಿರುಗಿಸಿದ ತರಗತಿ

ಇಂಗ್ಲೆಂಡಿನಲ್ಲಿ ನಾನು ಏನು ಕಲಿಸುತ್ತೇನೆಂದು ಊರಲ್ಲಿ ಯಾರೇ ಕೇಳಲಿ, ಚಿಕ್ಕಪ್ಪನದು ಒಂದೇ ಉತ್ತರ: “ದೆವ್ವಗಳ ಮೇಲೆ ಪಿಎಚ್.ಡಿ. ಮಾಡಿದ್ದಾಳೆ.” ಪೂರ್ತಿ ಸುಳ್ಳೇನಲ್ಲ. ವಿಕ್ಟೋರಿಯಾ ರಾಣಿಯ ಕಾಲದ ವಿಜ್ಞಾನಿಗಳು ಪ್ರೇತಾತ್ಮಗಳ ಬೆನ್ನು ಹತ್ತಿದ ಕಥೆಯೇ ನನ್ನ ಕಸುಬು.

ಕಳೆದ ಚಳಿಗಾಲದ ಒಂದು ಮಧ್ಯಾಹ್ನ 1853ರ ಮೇಜಿನ ಹುಚ್ಚಿನ ಪಾಠವಿತ್ತು. ಸುತ್ತ ಕುಳಿತು ಅಂಗೈ ಊರಿದರೆ ಮೇಜು ತಾನಾಗಿ ತಿರುಗುತ್ತದೆಂಬ ಗೀಳು ಅಮೆರಿಕದಿಂದ ಬಂದು ಲಂಡನ್ನಿನ ಮನೆಮನೆ ಹೊಕ್ಕಿತ್ತು. ಆತ್ಮಗಳ ಕೆಲಸ ಎಂದರು ಕೆಲವರು; ಸೈತಾನನದು ಎಂದ ಪಾದ್ರಿಗಳೂ ಇದ್ದರು; ಉಳಿದವರು ವಿದ್ಯುತ್ತು ಎಂದರು. ವಿದ್ಯುತ್ತಿನ ಮಾತು ಬಂದ ಮೇಲೆ, ಅದರ ಪ್ರಯೋಗಗಳಿಗೇ ಹೆಸರಾದ ವಿಜ್ಞಾನಿ ಮೈಕೆಲ್ ಫ್ಯಾರಡೆಯನ್ನು ಜನ ಸುಮ್ಮನೆ ಬಿಡುತ್ತಾರೆಯೇ?

ಫ್ಯಾರಡೆ ಕಟ್ಟಿದ ಉಪಕರಣ ಬಹಳ ಅಗ್ಗದ್ದು. ಎರಡು ಹಲಗೆಗಳ ನಡುವೆ ಗಾಜಿನ ಕಡ್ಡಿಗಳು, ಸುತ್ತ ರಬ್ಬರ್ ಪಟ್ಟಿ, ಮುಳ್ಳಾಗಿ ಒಂದು ಒಣಹುಲ್ಲಿನ ದಂಟು. ಇದನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಊರಬೇಕು; ಮೇಲಿನ ಹಲಗೆ ಕೂದಲೆಳೆಯಷ್ಟು ಸರಿದರೂ ದಂಟಿನ ತುದಿ ವಾಲಿ ತೋರಿಸುತ್ತದೆ. ನಾವು ರಟ್ಟು, ದುಂಡು ಪೆನ್ಸಿಲ್, ಗುಂಡುಸೂಜಿ, ತಂಪುಪಾನೀಯದ ಸ್ಟ್ರಾ ಬಳಸಿ ಅದನ್ನೇ ಮಾಡಿದೆವು. ಮುಳ್ಳನ್ನು ಕಾಗದದಿಂದ ಮರೆಮಾಡಿದಾಗ, ಸ್ವಲ್ಪ ಹೊತ್ತಿಗೆ ಮೂರುಕಾಲಿನ ಮೇಜು ಕಿರ್ರೆಂದು ಹೊರಳಿತು. ಒಬ್ಬ ಹುಡುಗಿ ಕಿರುಚಿಯೇ ಬಿಟ್ಟಳು. ಕಾಗದ ತೆಗೆದು, ಮುಳ್ಳಿನ ಮೇಲೆ ಕಣ್ಣಿಡಿ ಎಂದೆ. ಎಷ್ಟು ಕಾದರೂ ಮೇಜು ಮಿಸುಕಲಿಲ್ಲ. ಫ್ಯಾರಡೆ ಕಂಡದ್ದೂ ಇದನ್ನೇ: ತಳ್ಳುತ್ತಿದ್ದುದು ಕೈಗಳೇ, ಕೈಯ ಒಡೆಯರಿಗೆ ಮಾತ್ರ ಅದು ತಿಳಿದಿರಲಿಲ್ಲ. ಅವರನ್ನು ಫ್ಯಾರಡೆ ಮೋಸಗಾರರೆನ್ನಲಿಲ್ಲ. ನನಗೆ ಹಿಡಿಸುವುದು ಈ ಸೌಜನ್ಯ. ಆದರೆ ‘ಟೈಮ್ಸ್’ ಪತ್ರಿಕೆಗೆ ಬರೆದ ಪತ್ರದಲ್ಲಿ, ಇಂಥದ್ದನ್ನು ನಂಬುವ ಸಮಾಜಕ್ಕೆ ಕೊಟ್ಟ ಶಿಕ್ಷಣವನ್ನು ಚೆನ್ನಾಗಿಯೇ ಝಾಡಿಸಿದರು.

“ಹಾಗಾದರೆ ವಿಜ್ಞಾನ ಗೆದ್ದಿತು” ಎಂದ ಹಿಂದಿನ ಸಾಲಿನ ಹುಡುಗ. ಇಷ್ಟು ಸಲೀಸಾಗಿದ್ದರೆ ನನಗೆ ಕೆಲಸವೇ ಇರುತ್ತಿರಲಿಲ್ಲ! ವಿಲಿಯಂ ಕ್ರೂಕ್ಸ್ ವಿಷಯ ಹೇಳಿದೆ. 1861ರಲ್ಲಿ ಥ್ಯಾಲಿಯಂ ಧಾತುವನ್ನು ಕಂಡುಹಿಡಿದ ಅದೇ ಕ್ರೂಕ್ಸ್, ಹತ್ತು ವರ್ಷಗಳ ನಂತರ ಆತ್ಮಗಳೊಡನೆ ಸಂಪರ್ಕವಿದೆ ಎನ್ನುತ್ತಿದ್ದ ಡೇನಿಯಲ್ ಹೋಮ್ ಎಂಬ ‘ಮೀಡಿಯಂ’ನನ್ನು ಪರೀಕ್ಷಿಸಲು ತಾವೇ ಕೊಂಡ ಅಕಾರ್ಡಿಯನ್ ವಾದ್ಯವನ್ನು ತಂತಿ ಸುತ್ತಿದ ಪಂಜರದೊಳಗಿಟ್ಟು, ಅದು ತಾನಾಗಿ ನುಡಿಯಿತೆಂದು ವಿಜ್ಞಾನ ಪತ್ರಿಕೆಯಲ್ಲಿ ವರದಿ ಬರೆದರು. ಹಲವರು ನಕ್ಕರು. ಆದರೂ 1913ರಲ್ಲಿ ಬ್ರಿಟನ್ನಿನ ಹೆಸರಾಂತ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿಯ ಅಧ್ಯಕ್ಷಗಿರಿ ಅವರಿಗೇ ಬಂತು. ಕ್ರೂಕ್ಸ್‌ಗೆ ಬುದ್ಧಿ ಕಡಿಮೆಯಿತ್ತೆಂದು ಕೈತೊಳೆದುಕೊಳ್ಳುವುದು ಸೋಮಾರಿತನ. ಮುಂದೆ ಕಣ್ಣಿಗೆ ಕಾಣದ ಕಿರಣಗಳನ್ನು ಗಾಜಿನ ಕೊಳವೆಯಲ್ಲಿ ಹುಡುಕಹೊರಟವರಿಗೆ ಕಾಣದ ಇನ್ನೊಂದು ಬಲ ಅಸಂಭವವೆನಿಸಲಿಲ್ಲ.

ಹುಡುಗ ಒಪ್ಪಲಿಲ್ಲ. ಮುಂದಿನ ವಾರ ಕ್ರೂಕ್ಸ್ ವರದಿಯನ್ನು ಓದಿಕೊಂಡು ಬಂದು ಜಗಳವಾಡು ಎಂದೆ. ಬಂದ, ಪಂಜರದ ರೇಖಾಚಿತ್ರವನ್ನೂ ಬರೆದುಕೊಂಡು.